ಅಳಿವೆಯೊಳಗೆ ಸುತ್ತಿದ ಹಾಯಿ

“ಗುರುಗಳೇ, ನಾಲ್ಕು ಜನರ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಸುಲಭದ ದಾರಿ ಯಾವುದು?”

ಶಿಷ್ಯ ಹೀಗೆ ಕೇಳಿ ತಲೆ ತಗ್ಗಿಸಿದ. ತಗ್ಗಿಸದೆ ಏನು ಮಾಡುತ್ತಾನೆ? ಆಡಿದ ಮಾತು ಅಂಥದ್ದು. ಮೂರು ದಿನದ ಹಿಂದೆ ಮಠದ ಊಟದ ಪಂಕ್ತಿಯಲ್ಲಿ ಕೂತು, ಬಾಯಲ್ಲಿ ಅನ್ನ ಇಟ್ಟುಕೊಂಡೇ, ಹೂ ಕಟ್ಟಿ ಮಾರುವ ಹೆಂಗಸು ಉಗ್ರಾಣದವನ ಮನೆಯ ಹಿಂಬಾಗಿಲಿನಿಂದ ಬೆಳಗಿನ ಹೊತ್ತು ಹೊರಗೆ ಬಂದದ್ದನ್ನು ಕಣ್ಣಾರೆ ಕಂಡೆ ಎಂದಿದ್ದ. ಕಂಡದ್ದು ಒಂದು ಹಸಿರು ಸೆರಗು, ಕಟ್ಟಿದ್ದು ಒಂದು ಇಡೀ ಸಂಸಾರ. ಪಂಕ್ತಿ ಏಳುವುದರೊಳಗೆ ಮಾತು ಕೇರಿಗೆ ಹೋಯಿತು. ಕೈ ತೊಳೆಯುವುದರೊಳಗೆ ಕೇರಿ ದಾಟಿತು. ಈಗ ಅವಳ ಹೂವನ್ನು ದೇವಸ್ಥಾನದವರೂ ಕೊಳ್ಳುವುದಿಲ್ಲ, ಮನೆಯವರೂ ಕೊಳ್ಳುವುದಿಲ್ಲ. ಮಲ್ಲಿಗೆ ಬುಟ್ಟಿಯಲ್ಲೇ ಕಂದುತ್ತಿದೆ, ಅವಳ ಒಲೆ ಎರಡು ದಿನದಿಂದ ತಣ್ಣಗಿದೆ. ಹಸಿರು ಸೆರಗಿನವಳು ಉಗ್ರಾಣದವನ ಸ್ವಂತ ಅಕ್ಕ, ತಮ್ಮನ ಹೆಂಡತಿಯ ಬಾಣಂತನಕ್ಕೆಂದು ಬಂದವಳು ಎನ್ನುವುದು ಶಿಷ್ಯನಿಗೆ ನಿನ್ನೆ ಸಂಜೆ ಗೊತ್ತಾಗಿತ್ತು.

“ತಪ್ಪು ನನ್ನದೇ,” ಎಂದ ಶಿಷ್ಯ. “ಆದರೆ ಈಗ ಪಂಕ್ತಿಯಲ್ಲಿ ಎದ್ದು ನಿಂತು ಹೇಳಿದರೆ ಜನ ಏನೆಂದಾರು? ಅವಳ ಹತ್ತಿರ ನನಗೇ ಏನೋ ಇದೆ ಎಂದರೂ ಎಂದಾರು. ಸ್ವಲ್ಪ ದಿನ ಸುಮ್ಮನಿದ್ದರೆ ತಾನಾಗಿ ತಣ್ಣಗಾದೀತೇ?”

ಗುರುಗಳು ಮಠಕ್ಕೆ ಬರುವ ಮೊದಲು ಇಪ್ಪತ್ತು ವರ್ಷ ದೋಣಿ ನಡೆಸಿದವರು. ಓದು ಕಡಿಮೆ, ನಾಲಿಗೆ ಚೂಪು.

“ದಾರಿಗೇನು ಬರ? ಸಣ್ಣ ದೋಣಿಯ ಹಾಯಿ ಸುತ್ತುವುದಕ್ಕೇ ಮೂರು ದಾರಿ ಇದೆ. ಕೇಳು,” ಎಂದರು.

ಒಂದು ಅಳಿವೆ. ಹೊಳೆ ಬಂದು ಸಮುದ್ರದ ಬಾಯಿಗೆ ಬೀಳುವ ಜಾಗ. ಅಲ್ಲಿ ಒಬ್ಬ ದೋಣಿಯವನಿದ್ದ. ಅವನಿಗೆ ಒಬ್ಬ ಹೆಂಡತಿ.

ದೋಣಿಯವನಿಗೆ ಹಾಯಿ ಬಿಚ್ಚುವುದು ಚೆನ್ನಾಗಿ ಬರುತ್ತಿತ್ತು. ಬಿಚ್ಚುವುದು ಯಾರಿಗೆ ಬರುವುದಿಲ್ಲ? ಗಂಟು ಕಳಚಿದರೆ ಸಾಕು, ಉಳಿದದ್ದನ್ನು ಗಾಳಿ ಮಾಡುತ್ತದೆ, ಹೆಸರು ಇವನಿಗೆ ಬರುತ್ತದೆ. ಸುತ್ತುವ ಹೊತ್ತು ಬಂದಾಗ ಮಾತ್ರ ಅವನಿಗೆ ಚುಕ್ಕಾಣಿಯ ಹತ್ತಿರ ಏನಾದರೊಂದು ಕೆಲಸ ಇರುತ್ತಿತ್ತು. ಸುತ್ತುತ್ತಿದ್ದವಳು ಹೆಂಡತಿ. ಅದೂ ದೋಣಿ ದಡಕ್ಕೆ ತಾಗಿ ಜನ ಇಳಿದು ಹೋದ ಮೇಲೆ, ಅತ್ತಿತ್ತ ನೋಡಿ. ಗಂಡ ಇರುವಾಗ ಹೆಣ್ಣು ಹಾಯಿಯ ಹಗ್ಗ ಮುಟ್ಟಿದಳೆಂದರೆ ಆ ಊರಿನ ಬಾಯಿಗೆ ಒಂದು ತಿಂಗಳ ಮೇವು.

ಅವಳಿಗೆ ಕಲಿಸಿದವನು ಅಪ್ಪ. ಗಂಡುಮಕ್ಕಳಿಲ್ಲದ ದೋಣಿಯವನು, ಬೇರೆ ಗತಿ ಇರಲಿಲ್ಲ. ಅವನು ಹೇಳಿಕೊಟ್ಟ ಮೊದಲ ಪಾಠ: “ಮಗಾ, ಮೊದಲು ಬಟ್ಟೆಯ ಮೂಲೆಯ ಹಗ್ಗ ಸಡಿಲ ಬಿಡು, ಗಾಳಿ ಹೊರಗೆ ಹೋಗಲಿ. ಗಾಳಿ ತುಂಬಿದ ಹಾಯಿಯನ್ನು ಯಾರ ಅಪ್ಪನಿಗೂ ಸುತ್ತಲಿಕ್ಕಾಗುವುದಿಲ್ಲ, ನಿನ್ನ ಅಪ್ಪನಿಗೂ.”

ಆಮೇಲೆ ಮೂರು ದಾರಿ. ಒಂದು, ಹಾಯಿ ತೂಗುವ ಅಡ್ಡಕೋಲನ್ನು ಕೆಳಗಿಳಿಸಿ ಬಟ್ಟೆಯನ್ನು ಅದರ ಸುತ್ತ ಚಾಪೆಯಂತೆ ಸುರುಳಿ ಸುತ್ತುವುದು. ನೋಡಲು ಚೆಂದ, ಆದರೆ ಎರಡು ಜನ ಬೇಕು, ನೀರು ಸುಮ್ಮನಿರಬೇಕು. ಇನ್ನೊಂದು, ಇಳಿಸಿದ ಬಟ್ಟೆಯನ್ನು ಸೀರೆಯ ನಿರಿಗೆಯಂತೆ ಮಡಿಕೆ ಹಾಕುತ್ತ ಕೋಲಿನ ಮೇಲೆ ಪೇರಿಸಿ ಕಟ್ಟುವುದು. ಒಬ್ಬರೇ ಮಾಡಬಹುದು, ಆದರೆ ಹೊತ್ತು ಬೇಕು. ಮೂರನೆಯದರಲ್ಲಿ ಕೋಲನ್ನು ಇಳಿಸುವ ಮಾತೇ ಇಲ್ಲ. ಬಟ್ಟೆಯ ಅಂಚಿನಿಂದ ಹಾಯಿಮರದ ಬುಡಕ್ಕೆ ಒಂದು ಹುರಿ ಹಾಯಿಸಿರುತ್ತಾರೆ. ಅದನ್ನು ಎಳೆದರೆ ಎಲೆಯಡಿಕೆ ಸಂಚಿಯ ಬಾಯಿ ಮುಚ್ಚಿಕೊಂಡ ಹಾಗೆ ಹಾಯಿಯೆಲ್ಲ ಮುದುರಿ ಮರಕ್ಕೆ ಒತ್ತಿಕೊಳ್ಳುತ್ತದೆ. ಒಂದು ಸುತ್ತು, ಒಂದು ಗಂಟು, ಮುಗಿಯಿತು. ಚೆಂದವಿಲ್ಲ. ಕೊಕ್ಕರೆ ಒದ್ದೆಯಾಗಿ ನಿಂತ ಹಾಗೆ ಕಾಣುತ್ತದೆ. ಮೂರರಲ್ಲೂ ಗಂಟು ಮಾತ್ರ ಜಾರುಗಂಟೇ, ಒಂದು ತುದಿ ಎಳೆದರೆ ಬಿಚ್ಚಿಕೊಳ್ಳಬೇಕು. ಸುತ್ತಿದ ಹಾಯಿ ನಾಳೆಯೂ ಬೇಕಲ್ಲ.

ದೋಣಿಯವನಿಗೆ ಆ ಹುರಿ ಕಂಡರೆ ತಾತ್ಸಾರ. “ನಿನ್ನ ಅಪ್ಪನ ಲಂಗೋಟಿ ದಾರ,” ಎನ್ನುತ್ತಿದ್ದ. ಆದರೂ ಅವಳು ಅದನ್ನು ವರ್ಷಕ್ಕೊಮ್ಮೆ ಬದಲಾಯಿಸುತ್ತಿದ್ದಳು.

ಆ ಅಳಿವೆಯಲ್ಲಿ ಒಂದು ಪದ್ಧತಿಯಿತ್ತು. ಸಮುದ್ರದಿಂದ ಬರುವ ದೋಣಿ ಹಾಯಿ ಸುತ್ತಿಕೊಂಡು, ಹುಟ್ಟು ಹಾಕುತ್ತ ಅಳಿವೆಯೊಳಗೆ ಬಂದರೆ ಅದರಲ್ಲಿ ಹೆಣ ಇದೆ ಎಂದು ಅರ್ಥ. ಹೆಣಕ್ಕೆ ಗಾಳಿಯ ಉಪಕಾರ ಬೇಡ, ಮನುಷ್ಯರ ಕೈಯೇ ತರಬೇಕು ಎಂದು ಹಿರಿಯರು ಮಾಡಿಟ್ಟದ್ದು. ದೋಣಿ ಬಂದು ತಾಗುವ ಕಡವಿನಲ್ಲಿ ನಿಂತವರು ಅಂಥದ್ದನ್ನು ಕಂಡ ಕೂಡಲೇ ಎದೆ ಬಡಿದುಕೊಳ್ಳಲು ಶುರುಮಾಡುತ್ತಿದ್ದರು. ಯಾರು ಎನ್ನುವುದು ಆಮೇಲೆ. ಹಾಗಾಗಿ ಬದುಕಿದ್ದವರು ಯಾರೂ ಕಡವಿನ ಕಲ್ಲಿಗೆ ದೋಣಿ ತಾಗುವ ತನಕ ಹಾಯಿ ಮುಟ್ಟುತ್ತಿರಲಿಲ್ಲ.

ಇವರಿಗೆ ಒಬ್ಬಳು ಮಗಳು. ಮದುವೆಗೆ ಬಂದು ಎರಡು ವರ್ಷವಾಗಿತ್ತು. ಮೊದಲು ಬಂದ ಸಂಬಂಧ ಒಂದು ನಗುವಿನಿಂದ ಮುರಿದಿತ್ತು. ಹುಡುಗಿ ಬಳೆಗಾರನನ್ನು ನೋಡಿ ನಕ್ಕಳಂತೆ. ಬಳೆ ತೊಡಿಸುವಾಗ ಕೈ ಹಿಂಡಿದರೆ ಅಳುವವರೂ ಇದ್ದಾರೆ, ನಗುವವರೂ ಇದ್ದಾರೆ. ಆದರೆ ನೋಡಿದವಳು ಪಕ್ಕದ ಮನೆಯವಳು. ಅವಳ ಬಾಯಿಂದ ಹೊರಟಾಗ ನಗು ಮಾತ್ರ ಇತ್ತು, ಗಂಡಿನ ಮನೆ ತಲುಪುವಾಗ ಬಳೆಗಾರ ಮನೆಯೊಳಗೆ ಬಂದಿದ್ದ, ಬಾಗಿಲು ಹಾಕಿಕೊಂಡಿತ್ತು. ಅಂದಿನಿಂದ ತಾಯಿ ಒಗೆದ ಬಟ್ಟೆ ಒಣಗಿಸುವಾಗಲೂ ಊರಿನ ಮುಖ ನೋಡಿ ಒಣಗಿಸುತ್ತಿದ್ದಳು.

ಈಗ ಇನ್ನೊಂದು ಸಂಬಂಧ ಕೂಡಿಬಂದಿತ್ತು. ಪಕ್ಕದ ಬಂದರಿನ ತೆಂಗಿನಕಾಯಿ ವ್ಯಾಪಾರಿಗಳು. ಅವರೂ ಹಿಂದೆ ದೋಣಿಯವರೇ. ಅಂಗಡಿ ಹಾಕಿದ ಮೇಲೆ ಕಾಲಿಗೆ ಉಪ್ಪುನೀರು ತಾಗಿದರೆ ಮೂಗು ಮುರಿಯುವವರಾದರು. ಹುಡುಗ ಒಳ್ಳೆಯವನು. ಅವನ ತಾಯಿಯದು ಮಾತ್ರ ಶಕುನದ ಹುಚ್ಚು. ಬೆಕ್ಕು ಅಡ್ಡ ಬಂದರೆ ಬೆಕ್ಕನ್ನು ಮನೆಗೆ ಕಳಿಸಿ ತಾನೂ ಮನೆಗೆ ಹೋಗುವವಳು. ಸಾಲದ್ದಕ್ಕೆ ಅವಳ ತವರು ಇದೇ ಅಳಿವೆ. ಇಲ್ಲಿಯ ಪದ್ಧತಿ ಒಂದೂ ಬಿಡದೆ ಗೊತ್ತು.

ನಿಶ್ಚಯದ ವೀಳ್ಯಕ್ಕೆ ಬೀಗರನ್ನು ಕರೆತರಲು ದೋಣಿಯವನು ಹೆಂಡತಿಯ ಜೊತೆ ತಾನೇ ಹೊರಟ. ಹೊರಡುವ ಮೊದಲು ಕಡವಿನಲ್ಲಿ ನಿಂತು ಊರಿಗೇ ಕೇಳುವ ಹಾಗೆ ಹೇಳಿದ: “ನೋಡುತ್ತಿರಿ. ಒಂದು ಹುಟ್ಟೂ ನೀರಿಗೆ ಇಳಿಸುವುದಿಲ್ಲ. ತುಂಬಿದ ಹಾಯಿಯಲ್ಲಿ ಬೀಗರನ್ನು ತಂದು ಈ ಕಲ್ಲಿನ ಮೇಲೆ ಇಳಿಸುತ್ತೇನೆ.” ಊರು ಕೇಳಿಸಿಕೊಂಡಿತು. ಅಂಥ ಮಾತನ್ನು ಊರು ಮರೆಯುವುದಿಲ್ಲ.

ಉಬ್ಬರದ ನೀರಿನ ಜೊತೆಗೇ ಒಳಗೆ ಬಂದುಬಿಡಬೇಕೆಂದು ಅವರ ಲೆಕ್ಕ. ಆದರೆ ಬೀಗಿತ್ತಿ ಹೊಸಿಲ ಮೇಲೆ ಕಾಲಿಟ್ಟವಳು ಹಿಂದಕ್ಕೆ ತೆಗೆದಳು. ರಾಹುಕಾಲ ಕಳೆಯಲಿ ಎಂದಳು. ಅದು ಕಳೆದ ಮೇಲೆ ಯಾರೋ ಸೀನಿದರು. ಸೀನಿದ್ದು ಒಂಟಿ ಸೀನೋ ಜೋಡಿ ಸೀನೋ ಎಂದು ಅರ್ಧ ಗಳಿಗೆ ಚರ್ಚೆಯಾಯಿತು. ರಾಹು ಕಾದಾನು, ನೀರು ಕಾಯುತ್ತದೆಯೇ? ದೋಣಿ ಅಳಿವೆಯ ಬಾಯಿಗೆ ಬರುವಾಗ ಇಳಿತ ಹಿಡಿದಿತ್ತು. ಹೊಳೆಯ ನೀರು ಹೊರಗೆ ನುಗ್ಗುತ್ತಿತ್ತು, ಸಮುದ್ರದ ಗಾಳಿ ಒಳಗೆ ನುಗ್ಗುತ್ತಿತ್ತು. ಎರಡೂ ಎದುರುಬದುರಾಗಿ ಗುದ್ದಾಡುವ ಕಡೆ ತೆರೆ ಗೋಡೆಯ ಹಾಗೆ ಏಳುತ್ತಿತ್ತು.

ದೋಣಿಯಲ್ಲಿ ಎಂಟು ಜನ. ದೋಣಿಯವನು, ಅವನ ಹೆಂಡತಿ, ಹುಡುಗ, ಹುಡುಗನ ತಾಯಿ, ಸೋದರಮಾವ, ಮೂವರು ಹೆಂಗಸರು. ಎಲ್ಲರೂ ರೇಷ್ಮೆ ಉಟ್ಟವರು.

ಗಾಳಿ ಬೆನ್ನಿಗಿತ್ತು, ಹಾಯಿ ಉಬ್ಬಿ ಸಿಡಿಯುವ ಹಾಗಿತ್ತು. ದೋಣಿ ಒಂದು ತೆರೆಯ ಬೆನ್ನಿನಿಂದ ಜಾರಿ ಮುಂದಿನ ತೆರೆಯೊಳಗೆ ಮೂತಿ ಇಟ್ಟಿತು. ಎರಡು ಕೊಡ ನೀರು ಒಳಗೆ ಬಂತು.

“ಹೋಯ್, ಸುತ್ತಿ,” ಎಂದಳು ಹೆಂಡತಿ, ಮೆಲ್ಲಗೆ, ಬೀಗಿತ್ತಿಗೆ ಕೇಳದ ಹಾಗೆ.

“ನಿನಗೆ ತಲೆ ಸರಿ ಉಂಟೋ? ಅಳಿವೆಯೊಳಗೆ ಸುತ್ತುವುದೋ? ಕಡವಿನಲ್ಲಿ ಇಡೀ ಊರು ನಿಂತಿದೆ.”

“ಊರು ದಡದಲ್ಲಿ ನಿಂತಿದೆ ಮಾರಾಯ್ರೇ. ನಾವು ನೀರಲ್ಲಿದ್ದೇವೆ.”

“ಒಂದು ತೆರೆ ಅಷ್ಟೇ. ದಾಟಿತು ಎಂದರೆ ದಾಟಿತು.”

ಬೀಗಿತ್ತಿಗೆ ಕೇಳಿಯೇ ಬಿಟ್ಟಿತು. “ಎಂತ ಸುತ್ತುವುದು? ಯಾರ ಹೆಣ ಉಂಟು ಇಲ್ಲಿ? ನನ್ನ ಮಗನ ವೀಳ್ಯಕ್ಕೆ ಹೆಣದ ದೋಣಿಯಲ್ಲಿ ಹೋಗುವುದೋ? ಆ ಹಾಯಿ ಮುಟ್ಟಿದರೆ ಈ ಸಂಬಂಧ ಇಲ್ಲಿಗೇ ಮುಗಿಯಿತು. ಹೇಳಿಲ್ಲ ಎನ್ನಬೇಡಿ.”

ಹೆಂಡತಿ ಕೈ ಮಡಿಲಲ್ಲಿ ಇಟ್ಟುಕೊಂಡಳು. ಎರಡು ವರ್ಷದ ಮೇಲೆ ಬಂದ ಸಂಬಂಧ. ಇದೂ ಹೋದರೆ ಮೂರನೆಯದು ಬರುವ ಮನೆಯಲ್ಲ ಇದು ಎಂದು ಅವಳಿಗೆ ಗೊತ್ತು. ದಡದಲ್ಲಿ ಪಕ್ಕದ ಮನೆಯವಳ ಕೆಂಪು ಸೀರೆಯೂ ಕಾಣುತ್ತಿತ್ತು. ಅವಳು ಇಲ್ಲದೆ ಕಡವು ತುಂಬುತ್ತದೆಯೇ?

ಎರಡನೆಯ ತೆರೆಗೆ ದೋಣಿ ಮೂತಿ ಇಟ್ಟದ್ದು ಬೇಗ ಎತ್ತಲಿಲ್ಲ. ಹಿಂಭಾಗ ಮೇಲೆದ್ದು ಚುಕ್ಕಾಣಿ ಗಾಳಿಯಲ್ಲಿ ಆಡಿತು. ದೋಣಿಯವನ ಕೈಯಲ್ಲಿ ಚುಕ್ಕಾಣಿಯ ಹಿಡಿ ಇತ್ತು, ಚುಕ್ಕಾಣಿಯ ಕೆಳಗೆ ನೀರಿರಲಿಲ್ಲ. ಅವನು ಹೆಂಡತಿಯ ಮುಖ ನೋಡಿದ. ಆ ನೋಟ ಅವಳಿಗೆ ಗೊತ್ತಿತ್ತು. ಹಾಯಿ ಸುತ್ತುವ ಹೊತ್ತಿಗೆ ಚುಕ್ಕಾಣಿಯ ಹತ್ತಿರ ಕೆಲಸ ಹುಡುಕುವವನ ನೋಟ ಅದು.

ಅವಳು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ದಾರಿ ಇಲ್ಲದ್ದಕ್ಕೆ ಬೀಗಿತ್ತಿಯ ಮಡಿಲ ಮೇಲೆಯೇ ಒಂದು ಕಾಲಿಟ್ಟು ದಾಟಿದಳು. ಆ ಒಂದು ಹೆಜ್ಜೆಯನ್ನು ಊರು ಎಷ್ಟು ವರ್ಷ ಅಗಿಯಿತು ಎಂದು ಕೇಳಬೇಡ. ಮೂಲೆಯ ಹಗ್ಗ ಸಡಿಲ ಬಿಟ್ಟಳು, ಹಾಯಿ ಪಟಪಟ ಬಡಿದುಕೊಂಡಿತು, ಗಾಳಿ ಹೊರಗೆ ಹೋಯಿತು. ಸುರುಳಿ ಸುತ್ತಲು ನೀರು ಬಿಡುವುದಿಲ್ಲ, ಮಡಿಕೆ ಹಾಕಲು ಹೊತ್ತು ಬಿಡುವುದಿಲ್ಲ. ಮರದ ಬುಡಕ್ಕೆ ಒಂದು ಕಾಲು ಒತ್ತಿ, ಅಪ್ಪನ ಹುರಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಒಂದು ಸಲ, ಎರಡು ಸಲ, ಮೂರು ಸಲ. ಹಾಯಿ ಮುದುರಿ ಮರಕ್ಕೆ ಅಂಟಿತು. ಒಂದು ಸುತ್ತು ಹಾಕಿ ಗಂಟು ಬಿಗಿದಳು. ದೋಣಿ ಮೂತಿ ಎತ್ತಿತು.

“ಎಂತ ನೋಡುವುದು? ಹುಟ್ಟು ಹಿಡಿಯಿರಿ,” ಎಂದಳು.

ಹೇಳಿದ್ದು ಯಾರಿಗೆ? ಮದುಮಗನಿಗೆ. ಅವನು ರೇಷ್ಮೆ ಶಲ್ಯ ಬದಿಗಿಟ್ಟು ಹುಟ್ಟು ಹಿಡಿದ. ಸೋದರಮಾವನಿಗೂ ಒಂದು ಸಿಕ್ಕಿತು. ಉಳಿದ ಹೆಂಗಸರ ಕೈಗೆ ಅವಳು ಕೊಟ್ಟದ್ದು ವೀಳ್ಯದ ತಟ್ಟೆಗಳು. ಎಲೆ ಅಡಿಕೆ ಎಲ್ಲ ಸೆರಗಿಗೆ ಸುರಿದುಕೊಂಡು ಅವರು ತಟ್ಟೆಯಲ್ಲಿ ನೀರು ಎತ್ತಿ ಹೊರಗೆ ಹಾಕಿದರು. ಬೀಗಿತ್ತಿ ಮಾತ್ರ ಏನೂ ಮುಟ್ಟಲಿಲ್ಲ. ಕಣ್ಣು ಮುಚ್ಚಿ ಕೂತು, ಒಂದು ಸಲ ದೇವರನ್ನು, ಒಂದು ಸಲ ಹುಡುಗಿಯ ಮನೆತನವನ್ನು ಹೆಸರು ಹಿಡಿದು ಕರೆದಳು.

ದಡದಲ್ಲಿ ಆಗಬೇಕಾದದ್ದು ಆಯಿತು. ಸುತ್ತಿದ ಹಾಯಿ ಕಂಡದ್ದೇ ತಡ, ದೋಣಿಯವನ ತಾಯಿ “ಅಯ್ಯೋ ನನ್ನ ಮಗನೇ” ಎಂದು ಮರಳ ಮೇಲೆ ಬಿದ್ದಳು. ಮಗ ಅಲ್ಲಿ ಚುಕ್ಕಾಣಿ ಹಿಡಿದು ನಿಂತದ್ದು ಕಾಣುತ್ತಿತ್ತು. ಅಳುವವಳಿಗೆ ನೋಡಲು ಪುರುಸೊತ್ತೆಲ್ಲಿ?

“ಮಗ ಅಲ್ಲ ಅಜ್ಜಿ, ಬೀಗಿತ್ತಿ ಇರಬೇಕು,” ಎಂದಳು ಒಬ್ಬಳು. “ಕಣ್ಣು ಮುಚ್ಚಿ ಕೂರಿಸಿದ್ದಾರೆ ನೋಡಿ.”

“ಅಷ್ಟು ದಪ್ಪ ಜೀವ, ಬಿಸಿಲಿಗೆ ತಡೆಯಲಿಲ್ಲ.”

“ಬಿಸಿಲಿಗೋ? ಹುಡುಗಿಯ ತಾಯಿ ಎದ್ದು ಮೈಮೇಲೆ ಕಾಲಿಟ್ಟದ್ದನ್ನು ನಾನು ಕಂಡೆ,” ಎಂದಳು ಕೆಂಪು ಸೀರೆಯವಳು. “ತುಳಿದೇ ಕೊಂದಳು.”

ದೋಣಿ ಕಡವಿನ ಕಲ್ಲಿಗೆ ತಾಗುವುದರೊಳಗೆ ಕೊಲೆ ಆಗಿತ್ತು, ಕಾರಣ ಸಿಕ್ಕಿತ್ತು, ಸಾಕ್ಷಿಯೂ ಸಿದ್ಧವಾಗಿತ್ತು. ಹೆಣ ಒಂದು ಎದ್ದು ತನ್ನ ಕಾಲ ಮೇಲೆ ಇಳಿಯಿತು. ಇಳಿದು ಒದ್ದೆ ಸೀರೆ ಹಿಂಡುತ್ತ ಬೀಗಿತ್ತಿ ತವರಿನವರ ಮುಂದೆ ಬಾಯಿ ಬಿಟ್ಟಳು. ಗಂಡನ ಕೈಯ ಹಾಯಿಯನ್ನು ಹೆಂಡತಿ ಕಿತ್ತುಕೊಂಡದ್ದು, ಮದುಮಗನ ಕೈಯಲ್ಲಿ ಹುಟ್ಟು ಹಾಕಿಸಿದ್ದು, ತನ್ನ ಮಡಿಲು ತುಳಿದದ್ದು, ಒಂದನ್ನೂ ಬಿಡಲಿಲ್ಲ. ದೋಣಿಯವನು ಹಗ್ಗ ಕಟ್ಟುವ ನೆಪದಲ್ಲಿ ಗೂಟದ ಹತ್ತಿರವೇ ಉಳಿದ. ಹುಡುಗ ತಾಯಿಯ ಮಾತಿನ ನಡುವೆ ಎರಡು ಸಲ ಬಾಯಿ ತೆರೆದ, ಎರಡು ಸಲವೂ ಸೋದರಮಾವ ತೋಳು ಹಿಡಿದ.

ಅಷ್ಟರಲ್ಲಿ ಊರ ಹಿರಿಯ ಮುಂದೆ ಬಂದ. ಆಗಷ್ಟೇ ಕಡವಿಗೆ ಬಂದವನು, ಯಾರೂ ಸತ್ತಿಲ್ಲ ಎನ್ನುವುದು ಅವನಿಗೆ ಇನ್ನೂ ತಿಳಿದಿರಲಿಲ್ಲ. ತಲೆಯ ಮುಂಡಾಸು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

“ಯಾರು ಹೋದದ್ದು ತಂಗಿ?”

ದೋಣಿಯವನ ಹೆಂಡತಿ ಅಂಗೈಯಲ್ಲಿ ಹುರಿ ಕೊರೆದ ಗೆರೆಯನ್ನು ಒರೆಸಿಕೊಳ್ಳುತ್ತಿದ್ದಳು. ತಲೆ ಎತ್ತಿದಳು. ಕಡವಿನಲ್ಲಿ ನಿಂತವರೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು, ಕೆಂಪು ಸೀರೆಯವಳದ್ದನ್ನೂ.

“ಯಾರೂ ಹೋಗಲಿಲ್ಲ ಅಣ್ಣಾ. ಅದಕ್ಕೇ ಸುತ್ತಿದ್ದು,” ಎಂದಳು.

ಅಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ನಿಲ್ಲಿಸಿ, ಕಾಲು ಬದಲಿಸಿ ಕೂತರು.

ಶಿಷ್ಯ ಕಾದ. ಇನ್ನೂ ಇರಬೇಕು ಎನ್ನಿಸಿತು. ಆ ಬೀಗಿತ್ತಿ ಏನು ಮಾಡಿದಳು, ಊರು ಏನೆಂದಿತು, ಹುಡುಗಿಯ ಗತಿ ಏನಾಯಿತು, ಒಂದನ್ನೂ ಹೇಳದೆ ಯಾರಾದರೂ ಕತೆ ಮುಗಿಸುತ್ತಾರೆಯೇ? ಅಷ್ಟರಲ್ಲಿ ಊಟದ ಗಂಟೆ ಬಾರಿಸಿತು. ಅಂಗಳದ ಆಚೆ ಜನ ಪಂಕ್ತಿಗೆ ಬಂದು ಕೂರುತ್ತಿದ್ದರು. ಎಲೆ ಹಾಕುವ ಸದ್ದು ಕೇಳಿಸುತ್ತಿತ್ತು.

“ಗುರುಗಳೇ,” ಎಂದ ಶಿಷ್ಯ, “ಹಾಗಾದರೆ ಕಡೆಗೆ ಆ ಮದುವೆ ನಡೆಯಿತೋ, ಮುರಿಯಿತೋ?”

ಗುರುಗಳು ಅವನ ಮುಖ ನೋಡಿ ಒಂದೇ ಮಾತು ಹೇಳಿದರು.

“ಅದು ಗೊತ್ತಾದ ಮೇಲೆ ಹುರಿ ಎಳೆಯೋಣ ಎಂದು ಅವಳು ಕಾಯಲಿಲ್ಲ.”